ಕೆರೆಯಂಗಳದಲ್ಲಿ ಫುಟ್‌ಬಾಲ್

ಬೆಂಗಳೂರಿಗೆ ಕೆಲಸಕ್ಕೆ ಬಂದ ನಮ್ಮ ಕಡೆ ಹುಡುಗರನ್ನು ‘ವೀಕೆಂಡ್ ಏನ್ ಮಾಡ್ತೀರಿ?’ ಅಂತ ಕೇಳಿ ನೋಡ್ರಿ. ಉತ್ತರ ಸಾಮಾನ್ಯವಾಗಿ ಮೂರೇ: ನಂದಿ ಬೆಟ್ಟ, ಮಾಲ್, ಇಲ್ಲಾಂದ್ರೆ ರೂಮಿನಲ್ಲಿ ನಿದ್ದೆ. ನನ್ನ ಪಟ್ಟಿಯಲ್ಲಿ ನಾಲ್ಕನೆಯದೂ ಒಂದಿದೆ. ಸೀಸನ್ ಇದ್ದಾಗ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚು. ನೀಲಿ ಜೆರ್ಸಿ ಹಾಕಿಕೊಂಡು, ತೊಂಬತ್ತು ನಿಮಿಷ ಗಂಟಲು ಹರಿಯೋ ತನಕ ಕೂಗಿ, ಹೊರಗೆ ಬಂದು ಒಂದು ಪ್ಲೇಟ್ ಇಡ್ಲಿ ತಿಂದರೆ ಆ ವಾರದ ಆಫೀಸ್ ತಲೆಬಿಸಿ ಇಳಿದ ಹಾಗೆ.

ನಾನು ಗದಗ-ಬೆಟಗೇರಿಯವನು. ನಮ್ಮಲ್ಲಿ ಫುಟ್‌ಬಾಲ್ ಹುಚ್ಚು ಅಷ್ಟಿಲ್ಲ. ಕ್ರಿಕೆಟ್, ಹಾಕಿ, ಕಬಡ್ಡಿ, ಕುಸ್ತಿ ನೋಡಿಕೊಂಡು ಬೆಳೆದವರು ನಾವು. ಆದರೆ ‘ಸ್ವಂತ ಮೈದಾನ’ ಅನ್ನೋದರ ಬೆಲೆ ಏನು ಅಂತ ಗದಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದರು ಅನ್ನೋದನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆಟ ಎಲ್ಲಿ ಬೇಕಾದರೂ ಹುಟ್ಟುತ್ತದೆ, ಆದರೆ ಬೆಳೆಯೋಕೆ ಒಂದು ನೆಲ ಬೇಕು.

ಆ ನೆಲ ಎಲ್ಲಿಂದ ಬರುತ್ತದೆ? ನಾನು ಕೂತು ಕೂಗುವ ಮೈದಾನದ ಕಥೆ ಹುಡುಕಿಕೊಂಡು ಹೋದಾಗ ಸಿಕ್ಕ ಉತ್ತರವನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಬೆಂಗಳೂರು ಎಫ್‌ಸಿ ಈ ಊರಿನಲ್ಲಿ ಎರಡು ಮೈದಾನಗಳನ್ನು ತವರು ಅಂದಿದೆ. ಒಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ, ಇನ್ನೊಂದು ಕಂಠೀರವ. ಎರಡೂ ಒಂದು ಕಾಲದಲ್ಲಿ ಕೆರೆಗಳು!

ಮಾಲ್ ಎದುರಿನ ಮೈದಾನ

ಒಂದು ಭಾನುವಾರ ಬೆಳಗ್ಗೆ ಇದನ್ನೇ ನೋಡೋಣ ಅಂತ ನಡೆದುಕೊಂಡೇ ಹೊರಟೆ. ಶುರು ಮಾಡಿದ್ದು ಮ್ಯಾಗ್ರಾತ್ ರಸ್ತೆಯಿಂದ. ಗರುಡಾ ಮಾಲ್‌ಗೆ ನೀವು ಹತ್ತು ಸಲ ಹೋಗಿರುತ್ತೀರಿ. ಅದರ ಹತ್ತಿರದಲ್ಲೇ ಫುಟ್‌ಬಾಲ್ ಸ್ಟೇಡಿಯಂ ಇದೆ ಅನ್ನೋದು ಎಷ್ಟೋ ಮಂದಿ ಗಮನಕ್ಕೇ ಬಂದಿರುವುದಿಲ್ಲ. ದೊಡ್ಡ ಬೋರ್ಡಿಲ್ಲ, ಥಳುಕಿಲ್ಲ. ಸಿಮೆಂಟ್ ಮೆಟ್ಟಿಲಿನ ಗ್ಯಾಲರಿ, ಕೃತಕ ಹುಲ್ಲು, ಸುತ್ತ ಕಟ್ಟಡಗಳು. ಈ ಭಾಗದ ಹಳೆಯ ಹೆಸರು ಶೂಲೆ. ಇಲ್ಲಿದ್ದದ್ದು ಶೂಲೆ ಕೆರೆ. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿ ತೆಗೆದರೆ ಈ ಹೆಸರಿನ ಮುಂದೆ ‘ಫುಟ್‌ಬಾಲ್ ಸ್ಟೇಡಿಯಂ’ ಅಂತಲೇ ಬರೆದಿರುತ್ತದೆ.

ಈ ಊರಿನ ಫುಟ್‌ಬಾಲ್ ಮಾತ್ರ ಸ್ಟೇಡಿಯಂಗಿಂತ ಬಹಳ ಹಳೆಯದು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಪ್ರದೇಶ ಕಟ್ಟಿದರಲ್ಲ, ಆ ಸೈನಿಕರ ಬೆನ್ನಿಗೇ ಮುಂದೆ ಚೆಂಡೂ ಬಂತು. ಸಿಪಾಯಿಗಳ ಆಟ ನೋಡಿಕೊಂಡು ಸುತ್ತಲಿನ ಓಣಿ ಹುಡುಗರು ಕಲಿತರು, ಬರಿಗಾಲಲ್ಲಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿಯವರೆಗೆ ಬ್ರಿಟಿಷ್ ಸೇನೆಯ ತಂಡಗಳೇ ಎತ್ತಿಕೊಂಡು ಹೋಗುತ್ತಿದ್ದ ಕಪ್ ಅದು. ಮರುವರ್ಷ, 1938ರಲ್ಲೂ ಅದೇ ತಂಡ ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು 1–2ರಿಂದ ಸೋತಿತು. ನಮ್ಮವರು ಎರಡು ಪೆನಾಲ್ಟಿ ಕೈಚೆಲ್ಲಿದ್ದರು. ಹೆಚ್ಚಿನವರ ಕಾಲಲ್ಲಿ ಬೂಟೇ ಇರಲಿಲ್ಲ. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಸಹ ಇಲ್ಲಿಯವರೇ. ಮುಂದೆ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು.

ಆಮೇಲೆ ಬಂದದ್ದು ಕಾರ್ಖಾನೆಗಳ ಕಾಲ. ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಆಡಿದರೆ ನೌಕರಿಯೂ ಸಿಗುತ್ತಿತ್ತು. ಹಗಲು ಶಿಫ್ಟು, ಸಂಜೆ ಆಟ. ಆಸ್ಟಿನ್ ಟೌನ್, ಗೌತಮಪುರದಂಥ ಓಣಿಗಳಲ್ಲಿ ಮನೆಗೊಬ್ಬ ಆಟಗಾರ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಈ ಓಣಿ ತಂಡಗಳು, ಕಾರ್ಖಾನೆ ತಂಡಗಳು ಎಲ್ಲ ಲೀಗ್ ಆಡಲು ಬರುತ್ತಿದ್ದದ್ದು ಶೂಲೆ ಕೆರೆಯ ಈ ಅಂಗಳಕ್ಕೆ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಸೆಪ್ಟೆಂಬರ್ 22ರಂದು ಇದೇ ಮೈದಾನದಲ್ಲಿ ಮೊದಲ ಲೀಗ್ ಪಂದ್ಯ, ಎದುರಿಗೆ ಶತಮಾನ ದಾಟಿದ ಮೋಹನ್ ಬಾಗಾನ್. 1–1 ಡ್ರಾ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಪ್ರಶಸ್ತಿ! ಪಶ್ಚಿಮ ದಿಕ್ಕಿನ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದ ಹುಡುಗ ಹುಡುಗಿಯರು ತಮಗೆ ತಾವೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಂತ ಹೆಸರಿಟ್ಟುಕೊಂಡರು. 2014ರಲ್ಲಿ ಕ್ಲಬ್ಬು ಕಂಠೀರವಕ್ಕೆ ಸ್ಥಳಾಂತರ ಆಯಿತು. ಗ್ಯಾಲರಿ ಹಿಂದೆ ಉಳಿಯಿತು, ಹೆಸರು ಮಾತ್ರ ಮಂದಿಯ ಜೊತೆ ನಡೆದುಕೊಂಡು ಬಂತು. ನಾನೂ ಅವತ್ತು ಅದೇ ದಾರಿ ಹಿಡಿದೆ.

ಸಂಪಂಗಿ ಕೆರೆ ಏನಾಯ್ತು?

ಅಶೋಕನಗರದಿಂದ ಕಂಠೀರವಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ. ಒಂದು ಕಡೆ ಕಬ್ಬನ್ ಪಾರ್ಕ್, ಒಂದು ಕಡೆ ಯುಬಿ ಸಿಟಿ, ಇನ್ನೊಂದು ಕಡೆ ಹಡ್ಸನ್ ವೃತ್ತದ ಪಾಲಿಕೆ ಕಚೇರಿ. ಇವುಗಳ ನಡುವೆ ಕಂಠೀರವ. ಹಿಂದಿನ ಓಣಿಗಳ ಹೆಸರು ಸಂಪಂಗಿರಾಮನಗರ. ಆ ಹೆಸರಿನಲ್ಲೇ ಕೆರೆ ಅಡಗಿ ಕೂತಿದೆ.

ಸಂಪಂಗಿ ಕೆರೆ ಇದ್ದ ಜಾಗ ಬಹಳ ಸೂಕ್ಷ್ಮದ್ದು. ಒಂದು ದಂಡೆಗೆ ಹಳೆ ಪೇಟೆ, ಇನ್ನೊಂದು ದಂಡೆಗೆ ಬ್ರಿಟಿಷರ ದಂಡು. ಪೇಟೆ ಕಡೆಯ ತಿಗಳರು ಈ ನೀರು ನಂಬಿ ತರಕಾರಿ, ಹೂವು ಬೆಳೆಯುತ್ತಿದ್ದರು. ದಂಡಿನ ಮಂದಿಗೂ ಕುಡಿಯೋಕೆ ಇಲ್ಲಿಂದಲೇ ನೀರು ಹೋಗುತ್ತಿತ್ತು. 1890ರ ದಶಕದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಮನೆ ಮುಂದೆ ನಳ ಬಂದ ಮೇಲೆ ಕೆರೆ ಯಾರಿಗೆ ಬೇಕು? ತೋಟದವರಿಗೆ ಬೇಕಿತ್ತು. ಆದರೆ ದಂಡಿನ ಕಡೆಯವರಿಗೆ ಅದೇ ಜಾಗ ಒಣಗಿದ್ದರೆ ಪೋಲೊ ಆಡೋಕೆ ಚೆನ್ನಾಗಿತ್ತು. ಕುದುರೆ ಮೇಲೆ ಕೂತವರ ಮಾತು ನಡೆಯಿತು. ಕೆರೆ ವರ್ಷದಿಂದ ವರ್ಷಕ್ಕೆ ಬತ್ತುತ್ತಾ, ಮೈದಾನ ಆಗುತ್ತಾ ಬಂತು.

ಅಂದರೆ ಇಲ್ಲಿ ಕೆರೆ ಹೋದದ್ದು ಒಂದು ರಾತ್ರಿಯಲ್ಲಿ ಅಲ್ಲ, ಒಬ್ಬ ಕಳ್ಳನಿಂದಲೂ ಅಲ್ಲ. ಮೊದಲು ಅದರ ಕೆಲಸ ಹೋಯಿತು, ಆಮೇಲೆ ನೀರು ಹೋಯಿತು, ಕೊನೆಗೆ ಹೆಸರು ಬದಲಾಯಿತು. ಆಟದ ಬಯಲಿಗೆ ಕೆರೆಯಂಗಳಕ್ಕಿಂತ ಸಲೀಸಾದ ಜಾಗ ಎಲ್ಲಿ ಸಿಗುತ್ತೆ ಹೇಳಿ? ಸಪಾಟಾದ ನೆಲ, ಸರ್ಕಾರದ ಆಸ್ತಿ, ಯಾರ ಮನೆಯನ್ನೂ ಕೆಡವಬೇಕಿಲ್ಲ. ‘ಸೊಳ್ಳೆ ಕಾಟ, ಮಲೇರಿಯಾ’ ಅಂದರೆ ಮುಚ್ಚೋಕೆ ಕಾರಣವೂ ಸಿದ್ಧ. ಹಾಗಾಗಿ ಬೆಂಗಳೂರಿನ ಕ್ರೀಡಾ ನಕ್ಷೆ ಮೇಲೆ ಹಳೆ ಕೆರೆಗಳ ನಕ್ಷೆ ಇಟ್ಟರೆ ಒಂದರ ಮೇಲೊಂದು ಕೂರುತ್ತವೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ಮಿಲ್ಲರ್ಸ್ ಕೆರೆಯ ಜಾಗದಲ್ಲಿ ಬ್ಯಾಡ್ಮಿಂಟನ್ ಕ್ರೀಡಾಂಗಣ. ಕೋರಮಂಗಲ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ. ನಾವು ಗದಗಿನ ಬಸ್ಸಿನಿಂದ ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ!

ಸಂಪಂಗಿ ಕೆರೆ ಪೂರ್ತಿ ಸಾಯಲಿಲ್ಲ. ಸ್ಟೇಡಿಯಂ ಮಗ್ಗುಲಲ್ಲಿ, ಕಬ್ಬಿಣದ ಬೇಲಿ ಒಳಗೆ, ಒಂದು ಚೌಕನೆಯ ಕೊಳ ಉಳಿದಿದೆ. ಉಳಿದದ್ದು ಕರಗದಿಂದ. ಚೈತ್ರ ಹುಣ್ಣಿಮೆಗೆ ನಡೆಯುವ ಬೆಂಗಳೂರು ಕರಗ ತಿಗಳ ಸಮುದಾಯದ ಹಬ್ಬ. ಅದರ ವಿಧಿಗಳಿಗೆ ಈ ನೀರು ಬೇಕು. ತೋಟ ಹೋದವು, ತರಕಾರಿ ಹೋಯಿತು, ಆದರೆ ‘ನಮ್ಮ ದೇವಿಗೆ ಈ ನೀರು ಬೇಕು’ ಅನ್ನೋ ಒಂದು ಮಾತು ಅಷ್ಟು ನೀರನ್ನಾದರೂ ಉಳಿಸಿತು. ನಾನು ಬೇಲಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಅಲ್ಲಿಂದ ತಲೆ ಎತ್ತಿದರೆ ಫ್ಲಡ್‌ಲೈಟ್ ಕಂಬಗಳು ಕಾಣುತ್ತವೆ.

ಮೈದಾನ ಯಾರದ್ದು?

ಈಗಿನ ಕಂಠೀರವಕ್ಕೆ 1997ರ ರಾಷ್ಟ್ರೀಯ ಕ್ರೀಡಾಕೂಟ ದೊಡ್ಡ ಮೈಲಿಗಲ್ಲು. ಹುಲ್ಲಿನ ಸುತ್ತ ಓಟದ ಟ್ರ್ಯಾಕ್ ಇರೋದರಿಂದ ಇಲ್ಲಿ ಫುಟ್‌ಬಾಲ್ ನೋಡೋಕೆ ಸ್ವಲ್ಪ ದೂರ. ಅಶೋಕನಗರದಲ್ಲಿ ಆಟಗಾರ ಉಸಿರು ಬಿಟ್ಟರೂ ಕೇಳಿಸುತ್ತಿತ್ತು ಅಂತ ಹಳೆ ಅಭಿಮಾನಿಗಳು ಗೊಣಗುತ್ತಾರೆ. ಟ್ರ್ಯಾಕ್ ಕಡೆಯವರ ಗೊಣಗಾಟವೂ ಸುಳ್ಳಲ್ಲ. ಫುಟ್‌ಬಾಲ್‌ಗೆ ಅಂತ ಬಾಗಿಲು ಹಾಕಿದ ದಿನ ಓಟಗಾರ ಹುಡುಗಿ ಎಲ್ಲಿ ಓಡಬೇಕು? ಈ ಜಗಳ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ನೂರು ವರ್ಷದ ಹಿಂದೆ ತೋಟದವರಿಗೂ ಪೋಲೊದವರಿಗೂ ಇದ್ದ ಜಗಳ, ಈಗ ಇಬ್ಬರು ಆಟಗಾರರ ನಡುವೆ.

ಫುಟ್‌ಬಾಲ್ ಇಲ್ಲಿ ಕೊಟ್ಟ ರಾತ್ರಿಗಳೂ ದೊಡ್ಡವೇ. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್‌ಕರ್ ತಂಡವನ್ನು 2–0ಯಿಂದ ಸೋಲಿಸಿ ಎರಡನೇ ಐ-ಲೀಗ್ ಗೆದ್ದದ್ದು ಇಲ್ಲೇ. ಅದೇ ವರ್ಷ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೋರ್ ತಂಡಕ್ಕೆ ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ಮೂರು ಗೋಲು ಹೊಡೆದರು. ಸುನಿಲ್ ಚೆಟ್ರಿಯದೇ ಎರಡು. ಭಾರತದ ಕ್ಲಬ್ಬೊಂದು ಈ ಟೂರ್ನಿಯ ಫೈನಲ್ ಮುಟ್ಟಿದ್ದು ಅದೇ ಮೊದಲು. 2018ರ ಮಾರ್ಚ್ 17ರಂದು ಐಎಸ್‌ಎಲ್ ಫೈನಲ್ ಸಹ ಇಲ್ಲೇ ನಡೆದು, ಚೆನ್ನೈಯಿನ್ ಎದುರು 2–3ರಿಂದ ಸೋತಾಗ ಗ್ಯಾಲರಿ ಗಪ್‌ಚುಪ್. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾವನ್ನು ಮಣಿಸಿ ಕಪ್ ತಂದರು.

ನನಗೆ ಮರೆಯಲಾಗದ್ದು 2023ರ ಜೂನ್ 21. ಸ್ಯಾಫ್ ಟೂರ್ನಿಯಲ್ಲಿ ಭಾರತ–ಪಾಕಿಸ್ತಾನ. ಚೆಟ್ರಿ ಹ್ಯಾಟ್ರಿಕ್, 4–0. ಮಳೆ ಸುರಿಯುತ್ತಿತ್ತು, ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ. ನೆಂದು ತೊಪ್ಪೆಯಾಗಿ ಕೂತಾಗ ನನ್ನ ತಲೆಗೆ ಬಂದದ್ದು, ಈ ನೀರು ಒಂದು ಕಾಲದಲ್ಲಿ ಇಲ್ಲಿಗೇ ಬಂದು ನಿಲ್ಲುತ್ತಿತ್ತಲ್ಲ ಅಂತ.

ಆದರೆ ಕಂಠೀರವ ಅಂದರೆ ನಮ್ಮ ಅವ್ವನಿಗೆ ಫುಟ್‌ಬಾಲ್ ಅಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರ ಅಂತಿಮ ದರ್ಶನಕ್ಕೆ ಇಟ್ಟ ಜಾಗ ಅದು. (ಸಮಾಧಿಗಳಿರುವ ಕಂಠೀರವ ಸ್ಟುಡಿಯೊ ಬೇರೆ, ಅನೇಕರಿಗೆ ಎರಡೂ ಕಲಸಿಹೋಗುತ್ತವೆ.) ಅಪ್ಪು ಹೋದ ದಿನ ಟೀವಿ ಮುಂದೆ ಕೂತು ಅತ್ತವಳಿಗೆ ಆ ಸ್ಟೇಡಿಯಂನ ಗೇಟುಗಳೂ ನೆನಪಿವೆ. 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇಲ್ಲೇ. ಕ್ಲಬ್ಬಿನ ತವರು ಅಂತ ನಾವು ಹಾಡು ಹೇಳುತ್ತೇವೆ, ನಿಜವಾಗಿ ಇದು ನಾಡಿನ ಅಂಗಳ. ಅಳೋಕೂ ಇಲ್ಲಿಗೇ, ನಗೋಕೂ ಇಲ್ಲಿಗೇ.

ಅವ್ವನ ಪ್ರಶ್ನೆ

ಆ ಭಾನುವಾರ ಸಂಜೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಮನೆಯಲ್ಲಿ ಮಾತು ಶುರುವಾಗೋದೇ ನೀರಿನಿಂದ.

“ಯವ್ವಾ, ನಳ ಬಂತೇನು?”

“ಎಲ್ಲೀದೋ, ನಾಳಿಗಿ ಬರತಾವಂತ. ಕೊಡ ತುಂಬಿಸಿ ಇಟ್ಟೀನಿ ಬಿಡು.”

ಕೆರೆ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಲ್ಲೋ ತಮ್ಮಾ, ನಳ ಬಂತಂತ ಕೆರಿ ಬಿಟ್ಟರು. ನಾಳಿಗಿ ನಳ ನಿಂತರ ಏನ್ ಮಾಡ್ತಾರ?”

2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರ್ ಹಿಂದೆ ಓಡಿ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ‘ಇವತ್ತು ನೀರು ಬಿಡೋ ಟೈಮ್’ ಅಂತ ಮೆಸೇಜ್ ಕಾದು ಕೂತಿದ್ದೆವು. ಹೆಸರಘಟ್ಟದ ನೀರು ಸಾಲದೆ, ಬೆಂಗಳೂರು ಈಗ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲೆ ಹತ್ತಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯೂ ಮುಂಡರಗಿ ಕಡೆಯ ಹಮ್ಮಿಗಿ ಹತ್ತಿರ ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನತ್ತ ನೋಡಿಕೊಂಡು ಬದುಕುತ್ತದೆ. ದೂರದ ನೀರು ಬಂದಾಗ ಹತ್ತಿರದ ನೀರು ಹಗುರಾಗಿ ಕಾಣೋದು ಎಲ್ಲ ಊರಿಗೂ ಇರುವ ಜಡ್ಡು.

ಮಾಗಡಿ ಅಂದರೆ ನಮ್ಮ ಮಾಗಡಿ

ಇದಕ್ಕೆ ಎದುರು ಸಾಕ್ಷಿ ಒಂದು ನಮ್ಮ ಜಿಲ್ಲೆಯಲ್ಲೇ ಇದೆ. ಬೆಂಗಳೂರಿನವರಿಗೆ ಮಾಗಡಿ ಅಂದರೆ ಕೆಂಪೇಗೌಡರ ಮಾಗಡಿ. ನಮಗೆ ಮಾಗಡಿ ಅಂದರೆ ಶಿರಹಟ್ಟಿ ತಾಲೂಕಿನ ಊರು, ಲಕ್ಷ್ಮೇಶ್ವರಕ್ಕೂ ಹತ್ತಿರ. ಅಲ್ಲಿ ಸುಮಾರು 50 ಹೆಕ್ಟೇರ್ ಕೆರೆ. ಚಳಿಗಾಲ ಶುರುವಾದರೆ ಹಿಮಾಲಯ ದಾಟಿ, ಮಂಗೋಲಿಯಾ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಹೊತ್ತು ಮುಳುಗಿದ ಮೇಲೆ, ಬೆಳಗಿನ ಜಾವ ಸುತ್ತಲಿನ ಹೊಲಗಳಲ್ಲಿ ಕಾಳು ಮೇಯುತ್ತವೆ, ಹಗಲು ಕೆರೆಯಲ್ಲಿ ತೇಲುತ್ತವೆ.

ಕಡಲೆ, ಶೇಂಗಾ ಬೆಳೆದ ರೈತನಿಗೆ ಇದು ಸಣ್ಣ ನಷ್ಟವಲ್ಲ. ಆದರೂ ಕೆರೆ ಉಳಿದಿದೆ, ಹಕ್ಕಿ ಬರುತ್ತಿವೆ. 2024ರ ಜನವರಿ 31ರಂದು ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಜೊತೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ. ಸಂಪಂಗಿ ಕೊಳವನ್ನು ಕರಗ ಉಳಿಸಿದ ಹಾಗೆ, ಇಲ್ಲಿ ಹಕ್ಕಿಗಳ ದೆಸೆಯಿಂದ ಕೆರೆಗೆ ಹೊಸ ಕೆಲಸ, ಹೊಸ ಹೆಸರು ಸಿಕ್ಕಿದೆ. ಕೆರೆ ಉಳಿಯಬೇಕಾದರೆ ಅದು ಯಾರಿಗೋ ಬೇಕಾಗಿರಬೇಕು. ದೇವಿಗೋ, ಹಕ್ಕಿಗೋ, ಕೊಡ ಹಿಡಿದು ನಿಂತ ಅವ್ವನಿಗೋ.

ಸ್ಟೇಡಿಯಂ ಬೇಡ ಅಂತ ನಾನು ಹೇಳೋದಿಲ್ಲ. ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ ಬಂದ ಹುಡುಗನ ಊರಿನವನು ಹಾಗೆ ಹೇಳೋಕಾಗುತ್ತಾ? ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗ ಹುಡುಗಿಯರಿಗೂ ಒಳ್ಳೆ ಮೈದಾನ ಬೇಕೇ ಬೇಕು. ನನ್ನ ಮಾತು ಇಷ್ಟೇ: ನಿಮ್ಮೂರಿನಲ್ಲಿ ‘ಹೆಂಗೂ ಕೆರೆ ಒಣಗೇದ, ಅಲ್ಲೇ ಮಾಡಿಬಿಡೋಣ’ ಅನ್ನೋ ಮಾತು ಎದ್ದಾಗ, ಒಣಗಿದ್ದು ಯಾಕೆ ಅಂತ ಒಬ್ಬರಾದರೂ ಕೇಳ್ರಿ. ಕಾಲುವೆ ಎಲ್ಲಿ ಕಟ್ಟಿದೆ ಅಂತ ನೋಡ್ರಿ. ಒಮ್ಮೆ ಗೋಲ್‌ಪೋಸ್ಟ್ ನೆಟ್ಟ ಮೇಲೆ ಮತ್ತೆ ಯಾರೂ ಅಲ್ಲಿ ನೀರು ನಿಲ್ಲಿಸುವುದಿಲ್ಲ.

ಮುಂದಿನ ಸಲ ಕಂಠೀರವದಲ್ಲಿ ಮ್ಯಾಚ್ ಇದ್ದಾಗ ಅರ್ಧ ಗಂಟೆ ಮೊದಲೇ ಹೋಗಿ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಹತ್ತಿರ. ಸ್ಟೇಡಿಯಂ ಒಳಗೆ ಹೋಗುವ ಮುಂಚೆ ಸಂಪಂಗಿರಾಮನಗರದ ಕಡೆ ಒಂದು ಸುತ್ತು ಹಾಕಿ, ಆ ಚೌಕ ಕೊಳ ನೋಡಿ ಬನ್ನಿ. ಚಳಿಗಾಲದಲ್ಲಿ ಊರಿಗೆ ಹೋದಾಗ ಗದಗದಿಂದ ಬೈಕ್ ಹತ್ತಿ ಮಾಗಡಿ ಕೆರೆಗೂ ಹೋಗಿ. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಹೆಬ್ಬಾತುಗಳು ಹೊಲದಿಂದ ಗುಂಪುಗುಂಪಾಗಿ ವಾಪಸ್ ಬರುತ್ತವೆ. ಆ ಗದ್ದಲ ಕೇಳಿದರೆ ವೆಸ್ಟ್ ಬ್ಲಾಕ್ ನೆನಪಾಗುತ್ತೆ, ನೋಡ್ರಿ ಬೇಕಾದ್ರೆ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಈ ಸಲ ನಮ್ಮ ಅವ್ವನೂ ಬರ್ತೀನಿ ಅಂದಿದ್ದಾಳೆ, ನಳ ಬರೋ ದಿನ ಒಂದು ಬಿಟ್ಟು.